ಪರರ ಕೊಳದ ಮೀನು

ನಾನು ಈ ಸಂಜೆ ಮಾತನಾಡಬೇಕೆಂದಿರುವ ವಿಷಯವನ್ನು ಕೇಳಿ ಶ್ರೋತೃಗಳಲ್ಲಿ ಕೆಲವರು ನಗಬಹುದು. ಚರಿತ್ರೆಯನ್ನು ಬೋಧಿಸುವವನು ರಾಜರನ್ನೂ ಯುದ್ಧಗಳನ್ನೂ ಬಿಟ್ಟು ಗಾಳ ಹಾಕುವವರ ಹಿಂದೆ ಏಕೆ ಹೊರಟ ಎಂದು ಕೇಳಬಹುದು. ನನ್ನ ಸಮಾಧಾನ ಇಷ್ಟೆ: ಒಂದು ದೇಶದಲ್ಲಿ ನೆಲ ಯಾರದು, ನೀರು ಯಾರದು, ಅದರ ಬಳಿಗೆ ಹೊರಗಿನವನು ಹೋಗಬಹುದೆ ಕೂಡದೆ ಎಂಬುದನ್ನು ತಿಳಿಯಬೇಕಾದರೆ, ದೊಡ್ಡ ದೊಡ್ಡ ಸಂಧಿಪತ್ರಗಳಿಗಿಂತ ಒಂದು ಸಣ್ಣ ಕೊಳದ ಕಥೆ ಕೆಲವು ವೇಳೆ ಹೆಚ್ಚು ಹೇಳುತ್ತದೆ. ನಾನು ಆರಿಸಿಕೊಂಡಿರುವುದು ಇಂಗ್ಲೆಂಡಿನ ಕೊಳ. ಅದರಲ್ಲಿರುವುದು ಟ್ರೌಟ್ ಎಂಬ ಮೀನು. ಅದನ್ನು ಹಿಡಿಯುವ ಸಾಧನ ನೊಣದ ಆಕಾರದ ಗಾಳ.

ಮೊದಲು ಈ ಗಾಳದ ವಿಚಾರ. ನಮ್ಮ ಕೆರೆಯ ಏರಿಯ ಮೇಲೆ ಹುಡುಗರು ಗಾಳಕ್ಕೆ ಎರೆಹುಳುವನ್ನು ಸಿಕ್ಕಿಸಿ ಕುಳಿತಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ಮೀನಿಗೆ ಒಡ್ಡುವುದು ನಿಜವಾದ ಆಹಾರ. ನೊಣದ ಗಾಳದಲ್ಲಿ ಆಹಾರವೇ ಇಲ್ಲ. ಸಣ್ಣ ಕೊಕ್ಕೆಗೆ ರೇಷ್ಮೆಯ ಎಳೆ, ಹಕ್ಕಿಯ ಗರಿ, ಮೊಲದ ತುಪ್ಪಳು ಇವುಗಳನ್ನು ಸುತ್ತಿ, ನೀರಿನ ಮೇಲೆ ಹಾರಾಡುವ ಕೀಟದ ರೂಪವನ್ನು ಕೊಟ್ಟಿರುತ್ತಾರೆ. ಇದಕ್ಕೆ ತೂಕವಿಲ್ಲ, ಆದುದರಿಂದ ಎಸೆದರೆ ದೂರ ಹೋಗದು. ತೂಕವನ್ನು ದಾರಕ್ಕೇ ಕೊಟ್ಟು, ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಗಾಳಿಯಲ್ಲಿ ದಾರವನ್ನು ಉದ್ದಕ್ಕೆ ಬಿಡಿಸಿ, ನೊಣವನ್ನು ನೀರಿನ ಮೇಲೆ ಸದ್ದಿಲ್ಲದೆ ಇಳಿಸಬೇಕು. ಹೊಳೆಯಲ್ಲಿ ಟ್ರೌಟ್ ಒಂದೆಡೆ ನಿಂತಿರುತ್ತದೆ. ಆಹಾರವು ನೀರಿನೊಡನೆ ಅದರ ಬಾಯಿಗೇ ಬರುತ್ತದೆ. ನಿಂತ ನೀರಿನಲ್ಲಾದರೋ ಮೀನೇ ಆಹಾರವನ್ನು ಅರಸುತ್ತ ಸುತ್ತಬೇಕು. ಎಲ್ಲಿ ಸುತ್ತುತ್ತಿದೆ, ಯಾವ ಹುಳುವನ್ನು ತಿನ್ನುತ್ತಿದೆ, ಎಷ್ಟು ಆಳದಲ್ಲಿದೆ ಎಂಬುದನ್ನು ಊಹಿಸಬೇಕು. ಕೊಳದ ಬೇಟೆಯ ಸೊಗಸೂ ಕಷ್ಟವೂ ಇದೇ.

ಈ ವಿದ್ಯೆ ಪುರಾತನವಾದುದು. ಕ್ರಿಸ್ತಶಕ ಮೂರನೆಯ ಶತಮಾನದ ಆದಿಯಲ್ಲಿ ರೋಮಿನ ಈಲಿಯನ್ ಎಂಬ ಗ್ರಂಥಕರ್ತನು, ಮ್ಯಾಸಿಡೋನಿಯದವರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ ಹುಂಜದ ಎರಡು ಗರಿಗಳನ್ನು ಕಟ್ಟಿ ಚುಕ್ಕೆಯ ಮೀನನ್ನು ಹಿಡಿಯುತ್ತಿದ್ದರೆಂದು ಬರೆದಿದ್ದಾನೆ. ಗಾಳದ ಬೇಟೆಯನ್ನು ಶಾಸ್ತ್ರವಾಗಿ ಬರೆದಿಟ್ಟ ಕೀರ್ತಿಯಲ್ಲಿ ನಮ್ಮ ನಾಡಿಗೂ ಪಾಲುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಅವಕ್ಕೆ ರುಚಿಸುವ ತಿನಿಸು, ಗಾಳ, ದಾರ ಇವೆಲ್ಲವೂ ಅಲ್ಲಿ ನಿರೂಪಿತವಾಗಿವೆ. ಆದರೆ ಅದು ಅರಸನ ವಿನೋದ. ಅರಸನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ಇಂದಿನ ಪ್ರಶ್ನೆ ಅಪ್ಪಣೆ ಕೇಳಬೇಕಾದವನದು.

ಆ ಪ್ರಶ್ನೆಯನ್ನು ಎತ್ತಿದ ಇಂಗ್ಲಿಷ್ ಗ್ರಂಥ 1496ರಲ್ಲಿ ಅಚ್ಚಾಯಿತು. ಗಾಳದಿಂದ ಮೀನು ಹಿಡಿಯುವುದನ್ನು ಕುರಿತ ಈ ಸಣ್ಣ ಪ್ರಬಂಧವನ್ನು ಜೂಲಿಯಾನ ಬರ್ನರ್ಸ್ ಎಂಬ ಸಂನ್ಯಾಸಿನಿ ಬರೆದಳೆಂದು ಪ್ರತೀತಿ, ದೃಢವಾದ ಪ್ರಮಾಣವಿಲ್ಲ. ಹನ್ನೆರಡು ಬಗೆಯ ನೊಣಗಳನ್ನು ಕಟ್ಟುವ ಕ್ರಮ ಅದರಲ್ಲಿದೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಅದಕ್ಕಿಂತ ಬೆಲೆಯುಳ್ಳದ್ದು ಕೊನೆಯಲ್ಲಿರುವ ನೀತಿ. ಬಡವನು ಮೀನು ಸಾಕಿಕೊಂಡಿರುವ ಕೊಳದಲ್ಲಿ ಅವನ ಅಪ್ಪಣೆಯಿಲ್ಲದೆ ಗಾಳ ಹಾಕಕೂಡದು. ಯಾರ ಬೇಲಿಯನ್ನೂ ಮುರಿಯಕೂಡದು. ತೆರೆದ ಬಾಗಿಲನ್ನು ಮತ್ತೆ ಮುಚ್ಚದೆ ಹೋಗಕೂಡದು. ಒಂದೇ ವೇಳೆಯಲ್ಲಿ ದುರಾಸೆಯಿಂದ ಬಹಳ ಮೀನನ್ನು ಹಿಡಿಯಕೂಡದು. ಎಷ್ಟು ಸರಳವಾದ ಧರ್ಮ! ಆದರೆ ಇದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ. ಈ ಪ್ರಬಂಧವನ್ನು ಬೇರೆಯಾಗಿ ಕಿರುಹೊತ್ತಗೆಯಾಗಿ ಅಚ್ಚು ಹಾಕಿದರೆ ಕೆಲಸವಿಲ್ಲದ ಜನರು ಕೊಂಡು ಓದಿ ಕ್ರೀಡೆಯನ್ನು ಕೆಡಿಸಿಯಾರೆಂದು, ಕುಲೀನರು ಓದುವ ದೊಡ್ಡ ಸಂಪುಟದೊಳಗೆ ಅದನ್ನು ಸೇರಿಸಿದೆಯಂತೆ. ಬಡವನ ಕೊಳವನ್ನು ಕಾಪಾಡಬೇಕೆಂಬ ಕರುಣೆಯೂ, ಬಡವನ ಕೈಗೆ ಈ ವಿದ್ಯೆ ಸಿಕ್ಕಬಾರದೆಂಬ ಜಾಗ್ರತೆಯೂ ಒಂದೇ ರಟ್ಟಿನೊಳಗೆ ಕೂಡಿ ಬಂದಿವೆ. ಮುಂದಿನ ಶತಮಾನಗಳ ಕಥೆಯೆಲ್ಲ ಈ ಎರಡು ಭಾವಗಳ ಜಗ್ಗಾಟವೇ.

ಇಂಗ್ಲೆಂಡಿನ ನ್ಯಾಯದಲ್ಲಿ ಕಡಲಿನ ಉಬ್ಬರವಿಳಿತ ತಟ್ಟುವ ನೀರಿನಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಮೀನು ಹಿಡಿಯುವ ಹಕ್ಕುಂಟು. ಅದರಿಂದ ಒಳಗಿನ ನೀರಿನಲ್ಲಿ ಆ ಹಕ್ಕು ನೆಲದ ಒಡೆಯನದು, ಅಥವಾ ಅವನಿಂದ ಹಕ್ಕನ್ನು ಪಡೆದವನದು. ಒಬ್ಬನೇ ಒಡೆಯನ ಜಮೀನಿನೊಳಗಿನ ಕೊಳವಾದರಂತೂ ವಿವಾದವೇ ಇಲ್ಲ. 1723ರಲ್ಲಿ ಪಾರ್ಲಿಮೆಂಟು ‘ಕರಿಯ ಶಾಸನ’ವೆಂದು ಹೆಸರಾದ ಒಂದು ಕಾನೂನನ್ನು ಮಾಡಿತು. ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆಯನ್ನೋ ಮೀನನ್ನೋ ಕದ್ದವನಿಗೆ ಮರಣದಂಡನೆ. ದ್ವೇಷದಿಂದ ಮೀನುಕೊಳದ ಕಟ್ಟೆಯನ್ನು ಒಡೆದವನಿಗೂ ಮರಣದಂಡನೆ. 1823ರಲ್ಲಿ ಇದರ ಬಹುಭಾಗ ರದ್ದಾಗುವವರೆಗೆ, ಸರಿಯಾಗಿ ನೂರು ವರ್ಷ, ಒಂದು ಕೊಳದ ಮೀನಿಗೂ ಒಬ್ಬ ಮನುಷ್ಯನ ಕೊರಳಿಗೂ ಒಂದೇ ತೂಕವಿತ್ತು. ಕೊಳದ ಸುತ್ತಲಿನ ಶಾಂತಿಯನ್ನು ವರ್ಣಿಸುವ ಇಂಗ್ಲಿಷ್ ಸಾಹಿತ್ಯವನ್ನು ಓದುವಾಗ ಈ ಸಂಗತಿಯನ್ನು ನಾವು ಮರೆಯಬಾರದು.

ಆ ಸಾಹಿತ್ಯವೂ ಸಾಮಾನ್ಯವಲ್ಲ. ಲಂಡನ್ನಿನಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದ ಐಸಾಕ್ ವಾಲ್ಟನ್ನನು 1653ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ನೊಣದ ಗಾಳದ ವಿಚಾರವನ್ನು ವಿಸ್ತರಿಸಿ 1676ರಲ್ಲಿ ಅದಕ್ಕೆ ಎರಡನೆಯ ಭಾಗವನ್ನು ಸೇರಿಸಿದವನು ಅವನ ಮಿತ್ರ ಚಾರ್ಲ್ಸ್ ಕಾಟನ್. ಕಾಟನ್ನನು ಜಮೀನುದಾರ, ಡವ್ ನದಿಯ ದಡದಲ್ಲಿ ಮೀನು ಹಿಡಿಯುವುದಕ್ಕೆಂದೇ ಒಂದು ಚಿಕ್ಕ ಮನೆಯನ್ನು ಕಟ್ಟಿಸಿದ್ದನು. ವ್ಯಾಪಾರಿ ಜಮೀನುದಾರನ ಅತಿಥಿಯಾಗಿ ನೀರಿನ ಬಳಿಗೆ ಹೋದನು. ಸ್ನೇಹವೇ ಆಗಿನ ರಹದಾರಿ. ಸ್ನೇಹವಿಲ್ಲದವನಿಗೆ ದಾರಿ ಇರಲಿಲ್ಲ. 1822ರಲ್ಲಿ ಹ್ಯಾಂಪ್‌ಷೈರಿನ ಟೆಸ್ಟ್ ನದಿಯ ದಡದಲ್ಲಿ ಹೌಟನ್ ಕ್ಲಬ್ಬು ಹುಟ್ಟಿತು. ಅಲ್ಲಿ ಸ್ನೇಹದ ಸ್ಥಾನಕ್ಕೆ ಸದಸ್ಯತ್ವ ಬಂದಿತು. ಆದರೆ ಸದಸ್ಯರು ಬೆರಳೆಣಿಕೆಯ ಮಂದಿ.

ಬಾಗಿಲನ್ನು ತೆರೆದದ್ದು ಉದಾರ ಬುದ್ಧಿಯಲ್ಲ, ಮೊಟ್ಟೆ. ಟ್ರೌಟ್ ಮೀನು ಮೊಟ್ಟೆಯಿಡಬೇಕಾದರೆ ತಣ್ಣನೆಯ ಹರಿಯುವ ನೀರೂ, ತಳದಲ್ಲಿ ಸಣ್ಣ ಕಲ್ಲುಗಳೂ ಬೇಕು. ಸಣ್ಣ ಕೊಳಗಳಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಮೀನು ಬದುಕುತ್ತದೆ, ಕೊಬ್ಬುತ್ತದೆ, ಸಂತಾನವಿಲ್ಲದೆ ಸಾಯುತ್ತದೆ. ಹೆಣ್ಣಿನ ಮೊಟ್ಟೆಯನ್ನು ಕೈಯಿಂದ ಹಿಂಡಿ ತೆಗೆದು ಗಂಡಿನ ರೇತಸ್ಸನ್ನು ಬೆರಸಿ ಮರಿಮಾಡಬಹುದೆಂದು 18ನೆಯ ಶತಮಾನದಲ್ಲಿ ಜರ್ಮನಿಯ ಯಾಕೋಬಿ ತೋರಿಸಿಕೊಟ್ಟನು. 1870ರ ದಶಕದಲ್ಲಿ ಸ್ಕಾಟ್ಲೆಂಡಿನ ಹೋವಿಟೌನಿನಲ್ಲಿ ಸರ್ ಜೇಮ್ಸ್ ಮೇಟ್ಲೆಂಡನು ಇದನ್ನು ದೊಡ್ಡ ಉದ್ಯಮವನ್ನಾಗಿ ಮಾಡಿದನು. ಅದಕ್ಕೆ ಮೊದಲೇ, 1864ರಲ್ಲಿ, ಪಾಚಿಯಲ್ಲಿಯೂ ಮಂಜುಗಡ್ಡೆಯಲ್ಲಿಯೂ ಹುದುಗಿಸಿದ ಮೊಟ್ಟೆಗಳು ನಾರ್‌ಫೋಕ್ ಎಂಬ ಹಡಗಿನಲ್ಲಿ ಉಷ್ಣವಲಯವನ್ನು ದಾಟಿ ಆಸ್ಟ್ರೇಲಿಯವನ್ನು ಸೇರಿ, ಅಲ್ಲಿಂದ ಟಾಸ್ಮೇನಿಯದಲ್ಲಿ ಮರಿಯಾಗಿದ್ದುವು. ಕಾಶ್ಮೀರಕ್ಕೆ 1900ರಲ್ಲಿ ಬಂದದ್ದೂ ಇಂತಹ ಮೊಟ್ಟೆಗಳೇ. 1880ರ ದಶಕದಲ್ಲಿ ಉತ್ತರ ಅಮೆರಿಕದ ಕಾಮನಬಿಲ್ಲಿನ ಟ್ರೌಟ್ ಇಂಗ್ಲೆಂಡಿಗೆ ಬಂದಿತು. ಬೇಗ ಬೆಳೆಯುವ ಈ ಮೀನೇ ಮುಂದೆ ಸಣ್ಣ ಕೊಳಗಳ ಮುಖ್ಯ ನಿವಾಸಿಯಾಯಿತು.

ಈಗ ಕೊಳದ ಒಡೆಯನ ಸ್ಥಿತಿಯನ್ನು ಯೋಚಿಸಿ. ಹಿಡಿದಷ್ಟು ಮೀನನ್ನು ಅವನು ಮತ್ತೆ ಕೊಂಡು ತಂದು ಬಿಡಬೇಕು. ಖರ್ಚು ಬಂದಿತು, ಖರ್ಚಿನ ಹಿಂದೆ ಚೀಟಿ ಬಂದಿತು. 1904ರಲ್ಲಿ ಬ್ರಿಸ್ಟಲ್ ನಗರಕ್ಕೆ ನೀರೊದಗಿಸುವ ಕಂಪೆನಿಯು ಬ್ಲಾಗ್ಡನ್ ಎಂಬಲ್ಲಿ ತಾನು ಕಟ್ಟಿದ ಜಲಾಶಯವನ್ನು ಗಾಳದವರಿಗೆ ತೆರೆಯಿತು. ಹೊಸದಾಗಿ ಮುಳುಗಿದ ಹುಲ್ಲುಗಾವಲಿನ ಹುಳುಗಳನ್ನು ತಿಂದು ಅಲ್ಲಿಯ ಟ್ರೌಟುಗಳು ಅದ್ಭುತವಾಗಿ ದಪ್ಪವಾಗಿದ್ದುವು. ಹಣ ತೆತ್ತ ಯಾವನಾದರೂ ನಿಂತ ನೀರಿನಲ್ಲಿ ಟ್ರೌಟನ್ನು ಹಿಡಿಯಬಹುದೆಂಬ ಭಾವನೆ ಅಲ್ಲಿಂದ ಬಲಗೊಂಡಿತು. ಎರಡನೆಯ ಮಹಾಯುದ್ಧದ ತರುವಾಯ ಜರ್ಮನಿಯಲ್ಲಿ ಹುಟ್ಟಿದ ಅಲೆಕ್ಸ್ ಬೆರೆಂಟನು ಹ್ಯಾಂಪ್‌ಷೈರಿನ ರಾಮ್ಸಿಯ ಬಳಿ ‘ಎರಡು ಕೊಳಗಳು’ ಎಂಬ ಹೆಸರಿನ ಸ್ಥಳವನ್ನು ಸಿದ್ಧಗೊಳಿಸಿ, ಸಣ್ಣ ಖಾಸಗಿ ಕೊಳವನ್ನು ಶಿಸ್ತಿನಿಂದ ನಡೆಸುವುದು ಹೇಗೆಂಬುದನ್ನು ತೋರಿಸಿದನು. ಅವನನ್ನು ನೋಡಿ ಇತರರೂ ತೊಡಗಿದರು.

ಇಂದು ಅಲ್ಲಿಗೆ ಹೋದ ಪ್ರವಾಸಿಗೆ ಎರಡು ಅಪ್ಪಣೆಗಳು ಬೇಕು. 13 ವರ್ಷ ತುಂಬಿದ ಯಾರೇ ಆಗಲಿ ಸರ್ಕಾರದ ಗಾಳದ ಪರವಾನಗಿಯನ್ನು ಪಡೆದಿರಬೇಕು. ಜೊತೆಗೆ ಕೊಳದ ಒಡೆಯನ ಚೀಟಿಯೂ ಬೇಕು. ಚೀಟಿ ಒಂದು ದಿನದ್ದಾಗಿರಬಹುದು, ಋತುವಿನದ್ದಾಗಿರಬಹುದು. ಕೆಲವು ಕೊಳಗಳಲ್ಲಿ ಹತ್ತಾರು ಜನ ಕೂಡಿ ಗುತ್ತಿಗೆ ಹಿಡಿದು ಇತರರನ್ನು ಬಿಡುವುದಿಲ್ಲ. 2000ದ ಇಸವಿಯ ಶಾಸನವು ಬೆಟ್ಟ ಬಯಲುಗಳಲ್ಲಿ ನಡೆದಾಡುವ ಹಕ್ಕನ್ನು ಸಾರ್ವಜನಿಕರಿಗೆ ಕೊಟ್ಟಿತು. ಆದರೆ ಆ ಹಕ್ಕಿನ ಬಲದಿಂದ ಮೀನನ್ನು ಮುಟ್ಟುವಂತಿಲ್ಲ. ಕಣ್ಣಿಗೆ ಕೊಳ ಎಲ್ಲರದು, ಕೈಗೆ ಮಾತ್ರ ಒಡೆಯನದು.

ಇದು ನ್ಯಾಯವೆ? ನೇಣುಗಂಬದಿಂದ ಚೀಟಿಗೆ ಬಂದದ್ದು ಸಣ್ಣ ದೂರವಲ್ಲ. ಚೀಟಿಯು ಕುಲವನ್ನು ಕೇಳುವುದಿಲ್ಲ, ಪರಿಚಯವನ್ನು ಕೇಳುವುದಿಲ್ಲ. ವಾಲ್ಟನ್ನನಿಗೆ ಬೇಕಾಗಿದ್ದ ಜಮೀನುದಾರ ಮಿತ್ರ ಇಂದಿನ ಗುಮಾಸ್ತನಿಗೆ ಬೇಡ. ಆದರೆ ಚೀಟಿ ಹಣವನ್ನು ಕೇಳುತ್ತದೆ. ಕೊಳದ ಪಕ್ಕದ ಹಳ್ಳಿಯ ಹುಡುಗನ ಜೇಬಿನಲ್ಲಿ ಅದಿಲ್ಲದಿದ್ದರೆ ಅವನು ಬೇಲಿಯ ಹೊರಗೇ ನಿಂತಿರಬೇಕು. ಒಡೆಯನ ವಾದವನ್ನೂ ತಳ್ಳಿಹಾಕುವಂತಿಲ್ಲ: ಅವನು ಬಿಡದಿದ್ದರೆ ಆ ನೀರಿನಲ್ಲಿ ಮೀನೇ ಇರುವುದಿಲ್ಲ. ಎಲ್ಲರಿಗೂ ತೆರೆದಿಟ್ಟ ಕೊಳ ಒಂದೇ ಬೇಸಗೆಯಲ್ಲಿ ಬರಿದಾದೀತು. ನನ್ನ ಅಲ್ಪಮತಿಗೆ ತೋರುವುದು ಇಷ್ಟು: ಬೇಲಿ ಇರುವುದು ತಪ್ಪಲ್ಲ, ಬೇಲಿಗೆ ಬಾಗಿಲಿಲ್ಲದಿರುವುದು ತಪ್ಪು. ಹಳ್ಳಿಯ ಮಕ್ಕಳಿಗೆಂದು ವರ್ಷದಲ್ಲಿ ಕೆಲವು ದಿನಗಳನ್ನಾದರೂ ಬಿಡುವ ಒಡೆಯನು ತನ್ನ ಹಕ್ಕನ್ನು ಕಳೆದುಕೊಳ್ಳುವುದಿಲ್ಲ, ಗಟ್ಟಿಮಾಡಿಕೊಳ್ಳುತ್ತಾನೆ.

ಒಳಗೆ ಹೋದವನಿಗೂ ಧರ್ಮವುಂಟು. ಇಂದಿನ ಕೊಳಗಳ ಬಳಿಯ ಹಲಗೆಗಳ ಮೇಲೆ ಅದನ್ನು ಬರೆದಿರುತ್ತಾರೆ: ಇಷ್ಟೇ ಮೀನು ಹಿಡಿಯಿರಿ, ಬೇಲಿಯನ್ನು ಕೆಡಿಸಬೇಡಿ, ಬಾಗಿಲನ್ನು ಮುಚ್ಚಿರಿ. ಇವುಗಳಲ್ಲಿ ಹೊಸದೇನೂ ಇಲ್ಲ. ಐನೂರು ವರ್ಷಗಳ ಹಿಂದೆ ಆ ಹಳೆಯ ಪುಸ್ತಕ ಹೇಳಿದ್ದೂ ಇದನ್ನೇ. ನಡುವೆ ಶಾಸನಗಳು ಹುಟ್ಟಿ ಅಳಿದುವು, ಕ್ಲಬ್ಬುಗಳು ಬಂದುವು, ಮೊಟ್ಟೆಗಳು ಕಡಲುಗಳನ್ನು ದಾಟಿದುವು. ಪರರ ನೀರಿನ ಬಳಿ ನಿಂತವನ ಸಭ್ಯತೆ ಮಾತ್ರ ಅಂದಿನದೇ ಇಂದಿಗೂ ಸಾಕಾಗಿದೆ.