ಮಸಿ, ಉಬ್ಬೆ ಮತ್ತು ಅಗ್ನಿಶಾಮಕರ ಅಂಗಿ

ಉತ್ತರ ಪಿನಾಕಿನಿಯ ದಂಡೆಯಲ್ಲಿರುವ ವಿದುರಾಶ್ವತ್ಥದಿಂದ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳವರೆಗೆ ಹರಡಿರುವ ಬಯಲುಸೀಮೆಯಲ್ಲಿ ಬೇಸಿಗೆಯೆಂದರೆ ಬೆಂಕಿಯ ಕಾಲವೂ ಹೌದು. ನಂದಿಬೆಟ್ಟದ ಸಾಲಿನ ಗುಡ್ಡಗಳಲ್ಲಿ ಒಣಹುಲ್ಲು, ಊರಂಚಿನ ಕಣಗಳಲ್ಲಿ ಬಣವೆ ಹೊತ್ತಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಹೊಸದೆಂದರೆ ಆ ಬೆಂಕಿಗೆ ಸಿಕ್ಕುವ ವಸ್ತು. ತೋಟದ ಹನಿ ನೀರಾವರಿ ಪೈಪು, ಪಾಲಿಹೌಸಿನ ಹಾಳೆ, ರೇಷ್ಮೆ ಹುಳುಮನೆಯಲ್ಲಿ ಬಿದಿರಿನ ಚಂದ್ರಿಕೆಯ ಜಾಗಕ್ಕೆ ಬಂದಿರುವ ಪ್ಲಾಸ್ಟಿಕ್ ಚಂದ್ರಿಕೆ, ಮನೆಯೊಳಗಿನ ಫೋಮ್ ಹಾಸಿಗೆ, ವಿದ್ಯುತ್ ತಂತಿಯ ಹೊದಿಕೆ ಇವೆಲ್ಲ ಉರಿದಾಗ ಏಳುವ ಹೊಗೆಯು ಸೌದೆ ಹೊಗೆಗಿಂತ ಬಹಳ ಹೆಚ್ಚು ವಿಷಕಾರಿಯಾಗಿರುತ್ತದೆ. ಬೆಂಕಿ ನಂದಿದ ಮೇಲೂ ಆ ಹೊಗೆಯ ಒಂದು ಪಾಲು ನಂದಿಸಿದವನ ಬಟ್ಟೆಯಲ್ಲಿ ಮಸಿಯಾಗಿ ಉಳಿದು, ಅವನೊಂದಿಗೆ ವಾಹನವನ್ನು ಏರುತ್ತದೆ, ಠಾಣೆಗೆ ಬರುತ್ತದೆ, ಅಲ್ಲಿ ತೊಳೆಯುವ ವ್ಯವಸ್ಥೆ ಇಲ್ಲದಿದ್ದರೆ ಮನೆಯವರೆಗೂ ಹೋಗಿ ಮಕ್ಕಳ ಬಟ್ಟೆಯ ಜೊತೆಯಲ್ಲೇ ನೆನೆಯುತ್ತದೆ.

ಮಸಿ ಹಿಡಿದ ಬಟ್ಟೆ ರೋಗ ತರುತ್ತದೆಂಬ ತಿಳಿವಳಿಕೆಗೆ ಇನ್ನೂರೈವತ್ತು ವರ್ಷಗಳ ಚರಿತ್ರೆಯಿದೆ. 1775ರಲ್ಲಿ ಲಂಡನ್ನಿನ ಸಂತ ಬಾರ್ಥಲೋಮಿಯೋ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವ ಕಸುಬಿನವರಲ್ಲಿ ವೃಷಣದ ಚರ್ಮಕ್ಕೆ ಬರುತ್ತಿದ್ದ ಕ್ಯಾನ್ಸರಿಗೆ ಅಲ್ಲಿನ ಸುಕ್ಕುಗಳಲ್ಲಿ ಸೇರಿಕೊಂಡ ಮಸಿಯೇ ಕಾರಣವೆಂದು ಬರೆದನು. ಒಂದು ಕಸುಬಿಗೂ ಒಂದು ಕ್ಯಾನ್ಸರಿಗೂ ನಂಟು ತೋರಿಸಿದ ಮೊದಲ ಬರಹವೆಂದು ವೈದ್ಯಚರಿತ್ರೆ ಅದನ್ನು ಗುರುತಿಸುತ್ತದೆ. ಮೂರೇ ವರ್ಷಗಳಲ್ಲಿ ಡೆನ್ಮಾರ್ಕಿನ ಅದೇ ಕಸುಬಿನವರ ಸಂಘವು ತನ್ನ ಸದಸ್ಯರು ದಿನವೂ ಸ್ನಾನ ಮಾಡಬೇಕೆಂದು ವಿಧಿಸಿತು. 1892ರಲ್ಲಿ ಹೆನ್ರಿ ಬಟ್ಲಿನ್ ಎಂಬ ವೈದ್ಯನು, ಮೈಮುಚ್ಚುವ ಬಟ್ಟೆ ತೊಟ್ಟು ದಿನವೂ ಮೈ ತೊಳೆಯುತ್ತಿದ್ದ ಯೂರೋಪಿನ ಇತರ ದೇಶಗಳ ಕೆಲಸಗಾರರಲ್ಲಿ ಈ ರೋಗ ವಿರಳವೆಂದೂ, ಆ ಅಭ್ಯಾಸವಿಲ್ಲದ ಇಂಗ್ಲೆಂಡಿನಲ್ಲಿ ಅದು ಉಳಿದುಕೊಂಡಿದೆಯೆಂದೂ ತೋರಿಸಿದನು. ಮಸಿಯಲ್ಲಿ ಕೆಡುಕು ಮಾಡುವ ವಸ್ತು ಯಾವುದೆಂದು ರಸಾಯನಶಾಸ್ತ್ರ ಹೇಳಿದ್ದು ಆಮೇಲೆ, 1930ರ ದಶಕದಲ್ಲಿ. ಕಲ್ಲಿದ್ದಲ ಡಾಂಬರಿನಿಂದ ಆಗ ಬೇರ್ಪಡಿಸಿದ ಬೆಂಜೋಪೈರೀನ್, ಅರೆಬರೆ ಉರಿದ ಯಾವುದೇ ಸಾವಯವ ವಸ್ತುವಿನ ಹೊಗೆಯಲ್ಲಿ ಸಿಗುವ, ಎಣ್ಣೆಯಂತೆ ಚರ್ಮಕ್ಕೆ ಅಂಟಿ ಒಳಕ್ಕಿಳಿಯಬಲ್ಲ ಒಂದು ಗುಂಪಿನ ರಾಸಾಯನಿಕಗಳಿಗೆ ಸೇರಿದುದಾಗಿದೆ. ವಿಷದ ಹೆಸರು ಗೊತ್ತಾಗುವ ಮೊದಲೇ ನೀರು ಮದ್ದೆಂದು ಗೊತ್ತಾಗಿತ್ತು.

ಇಷ್ಟಾದರೂ, ಸದಾ ನೀರನ್ನು ಹೊತ್ತೇ ಓಡಾಡುವ ಅಗ್ನಿಶಾಮಕ ಪಡೆಗಳಿಗೆ ಈ ಪಾಠ ತಲುಪಲು ಎರಡು ಶತಮಾನಗಳೇ ಹಿಡಿದವು. ಅದಕ್ಕೆ ಕಾರಣ ಅಜ್ಞಾನವೊಂದೇ ಅಲ್ಲ. ಹಲವು ದೇಶಗಳಲ್ಲಿ ಕಪ್ಪಾದ ಶಿರಸ್ತ್ರಾಣ, ಹೊಗೆವಾಸನೆಯ ಕೋಟು ಅನುಭವದ ಗುರುತಾಗಿ ಗೌರವ ಪಡೆದಿದ್ದವು. ಲೆಕ್ಕವಿಡುವ ಬಗೆಯೂ ಇನ್ನೊಂದು ಕಾರಣವೆನ್ನಬೇಕು. ಭಾರತದಲ್ಲಿ ಪ್ರತಿ ವರ್ಷ ಏಪ್ರಿಲ್ 14ರಂದು ಆಚರಿಸುವ ಅಗ್ನಿಶಾಮಕ ಸೇವಾ ದಿನವು 1944ರಲ್ಲಿ ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಹಡಗು ಸಿಡಿದಾಗ ಮಡಿದ ಸಿಬ್ಬಂದಿಯ ಸ್ಮರಣೆಗಾಗಿದ್ದು, ಆ ಸ್ಮರಣೆ ನ್ಯಾಯವಾದುದೇ ಆಗಿದೆ. ಆದರೆ ನಿವೃತ್ತಿಯ ಹತ್ತು ವರ್ಷಗಳ ಮೇಲೆ ಮೂತ್ರಕೋಶದ ಕ್ಯಾನ್ಸರಿನಿಂದ ಸಾಯುವವನ ಹೆಸರು ಯಾವ ಸ್ಮಾರಕಕ್ಕೂ ಏರುವುದಿಲ್ಲ. ಕರ್ನಾಟಕದ ಸೇವೆಗೆ ಅಡಿಪಾಯವಾದ 1964ರ ಅಗ್ನಿಶಾಮಕ ದಳ ಅಧಿನಿಯಮವು ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದ ಕಾಲದ್ದು. ಅರಾಮಿಡ್ ಎಂಬ, ಸುಲಭವಾಗಿ ಹೊತ್ತಿಕೊಳ್ಳದ ಕೃತಕ ನೂಲು ಮಾರುಕಟ್ಟೆಗೆ ಬಂದದ್ದೂ ಅದೇ ದಶಕದಲ್ಲಿ. ಆ ನೂಲಿನ ಹೊರಪದರ, ನೀರು ತಡೆಯುವ ನಡುಪದರ, ಶಾಖ ತಡೆಯುವ ಒಳಪದರ ಹೀಗೆ ಮೂರು ಪದರಗಳ ಇಂದಿನ ರಕ್ಷಣಾ ಉಡುಪು ಸುಟ್ಟಗಾಯವನ್ನು ತಡೆಯಲೆಂದು ರೂಪುಗೊಂಡಿತೇ ಹೊರತು, ತನ್ನ ಮೇಲೇ ಕೂರುವ ಮಸಿಯ ಗತಿಯೇನೆಂಬುದು ವಿನ್ಯಾಸಕಾರರ ಮುಖ್ಯ ಪ್ರಶ್ನೆಯಾಗಿರಲಿಲ್ಲ.

ಆ ಪ್ರಶ್ನೆ ಗಟ್ಟಿಯಾಗಿ ಕೇಳಿಬಂದದ್ದು ಈ ಶತಮಾನದಲ್ಲಿ. ಉಡುಪಿನ ಆರೈಕೆಗೆಂದೇ ಅಮೆರಿಕದಲ್ಲಿ 2001ರಲ್ಲಿ ಒಂದು ಮಾನಕ ಹೊರಬಂದಿತು. ಸ್ವೀಡನ್ನಿನ ಶೆಲೆಫ್ಟಿಯೊ ಪಟ್ಟಣದ ಸಿಬ್ಬಂದಿ, ಕೊಳೆಯಾದ ಉಡುಪನ್ನು ಬೆಂಕಿಯ ಸ್ಥಳದಲ್ಲೇ ಕಳಚಿ ಚೀಲದಲ್ಲಿ ಮುಚ್ಚಿ, ತಮ್ಮಿಂದ ಬೇರೆಯಾಗಿ ಠಾಣೆಗೆ ತರುವ ಕ್ರಮವನ್ನು ರೂಢಿಗೆ ತಂದರು. ಸಾಬೂನು ನೀರಿನಿಂದ ಸ್ಥಳದಲ್ಲೇ ತಿಕ್ಕಿ ತೊಳೆದರೆ ಕೋಟಿನ ಮೇಲಿನ ಬೆಂಜೋಪೈರೀನ್ ಗುಂಪಿನ ರಾಸಾಯನಿಕಗಳಲ್ಲಿ ಸುಮಾರು ಶೇ. 85ರಷ್ಟು ಹೋಗುತ್ತವೆಂದೂ, ಒಣ ಬ್ರಷ್ಷಿನಿಂದ ಉಜ್ಜಿದರೆ ಶೇ. 23ರಷ್ಟು ಮಾತ್ರ ಹೋಗುತ್ತವೆಂದೂ 2017ರ ಅಮೆರಿಕದ ಅಧ್ಯಯನವೊಂದು ಅಳೆದು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್ ತರುವುದು ಖಚಿತವೆನ್ನುವ ಮೊದಲನೆಯ ವರ್ಗಕ್ಕೆ ಸೇರಿಸಿತು.

ಬಟ್ಟೆ ತೊಳೆಯುವುದು ಕನ್ನಡ ನಾಡಿನಲ್ಲಿ ಹಳೆಯ, ಬಲ್ಲವರ ವಿದ್ಯೆ. ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವನ ಕಾಯಕವೇ ಅದು. ಕೆರೆಗಳ ಸೀಮೆಯಾದ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ಮಡಿವಾಳರು ಸೋಪು ಬರುವ ಮೊದಲು ಬಳಸುತ್ತಿದ್ದುದು ಸೌಳು ಮಣ್ಣನ್ನು, ಎಂದರೆ ನೆಲದ ಮೇಲೆ ಬೆಳ್ಳಗೆ ಎದ್ದು ಬರುವ ಕ್ಷಾರದ ಮಣ್ಣನ್ನು. ಅದರ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಹಂಡೆಯ ಮೇಲೆ ಪೇರಿಸಿ ಹಬೆಯಲ್ಲಿ ಬೇಯಿಸುವುದಕ್ಕೆ ಉಬ್ಬೆ ಹಾಕುವುದೆಂದು ಹೆಸರು. ಕ್ಷಾರ ಮತ್ತು ಹಬೆ ಎರಡೂ ಸೇರಿ ಜಿಡ್ಡನ್ನು ಬಿಡಿಸುತ್ತವೆ, ಬಳಿಕ ಕಲ್ಲಿನ ಮೇಲಿನ ಸೆಣೆತ ಮತ್ತು ಬಿಸಿಲು ಉಳಿದ ಕೆಲಸ ಮಾಡುತ್ತವೆ. ಹತ್ತಿಯ ಖಾಕಿಗೆ ಇದಕ್ಕಿಂತ ಒಳ್ಳೆಯ ಉಪಚಾರ ಸಿಗುವುದು ಕಷ್ಟ. ಅರಾಮಿಡ್ ಉಡುಪಿಗಾದರೋ ಇದರಲ್ಲಿ ಬಹುಪಾಲು ಕೆಡುಕೇ ಆಗುತ್ತದೆ: ಸೆಣೆದರೆ ನಡುವಿನ ಪದರ ಹರಿಯುತ್ತದೆ, ಬ್ಲೀಚಿಂಗ್ ಪುಡಿ ನೂಲನ್ನು ತಿನ್ನುತ್ತದೆ, ಬಿಸಿಲಿನ ಅತಿನೇರಳೆ ಕಿರಣಗಳು ಅದರ ಬಲವನ್ನು ಕುಂದಿಸುತ್ತವೆ. ಪದರಗಳನ್ನು ಬಿಚ್ಚಿ, ಉಗುರುಬೆಚ್ಚನೆಯ ನೀರಿನಲ್ಲಿ, ಸೌಮ್ಯ ಮಾರ್ಜಕದಿಂದ, ಆ ಕೆಲಸಕ್ಕೆಂದೇ ಮೀಸಲಾದ ಯಂತ್ರದಲ್ಲಿ ತೊಳೆದು ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕಾದ ಈ ಬಟ್ಟೆಗೆ ಹೊಸ ಮಡಿವಾಳಿಕೆಯೊಂದನ್ನು ಕಲಿಯಬೇಕಾಗಿದ್ದು, ಆ ವಿದ್ಯೆಯನ್ನು ಸಿಬ್ಬಂದಿಯ ಮನೆಯ ಹೆಂಗಸರ ತಲೆಗೆ ಕಟ್ಟುವುದು ಅನ್ಯಾಯವಷ್ಟೇ ಅಲ್ಲ, ಅಪಾಯವೂ ಹೌದು.

ಒಣಗಲು ಹೊತ್ತು ಹಿಡಿಯುವುದರಿಂದ ಒಬ್ಬೊಬ್ಬರಿಗೂ ಎರಡು ಜೊತೆ ಉಡುಪು ಬೇಕಾಗುತ್ತದೆ; ಒಂದೇ ಜೊತೆಯಿದ್ದಲ್ಲಿ ಮುಂದಿನ ಕರೆಗೆ ಒದ್ದೆ ಬಟ್ಟೆಯಲ್ಲಿ ಹೋಗಬೇಕು, ಇಲ್ಲವೇ ಕೊಳೆ ಬಟ್ಟೆಯನ್ನೇ ತೊಡಬೇಕು. ಈ ಸೀಮೆಯಲ್ಲಿ ಇನ್ನೊಂದು ತೊಡಕು ನೀರಿನದು. ಕೊಳವೆಬಾವಿಗಳು ಆಳಕ್ಕಿಳಿದು, ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರಿನಿಂದ ಕೆರೆ ತುಂಬಿಸಿಕೊಳ್ಳುವ ಸ್ಥಿತಿಗೆ ಬಂದಿರುವ ಜಿಲ್ಲೆಯಲ್ಲಿ, ಉಡುಪು ತೊಳೆದ ಕಪ್ಪು ನೀರನ್ನು ಹಿಂದಿನಂತೆ ಕೆರೆಯಂಗಳಕ್ಕೆ ಬಿಡುವಂತಿಲ್ಲ; ಬಟ್ಟೆಯಿಂದ ಬಿಟ್ಟ ವಿಷ ಆ ನೀರಿನಲ್ಲೇ ಇರುತ್ತದೆಯಾದ್ದರಿಂದ, ಠಾಣೆಯೊಂದರಲ್ಲಿ ತೊಳೆಯುವ ಯಂತ್ರ ಕೂರಿಸುವಾಗಲೇ ಅದರ ನೀರು ಶುದ್ಧೀಕರಣ ಘಟಕಕ್ಕೆ ಸೇರುವ ದಾರಿಯನ್ನೂ ಗೊತ್ತು ಮಾಡಬೇಕಾಗುತ್ತದೆ.