ರಾಯಚೂರು, ದೇವದುರ್ಗ, ಮಾನ್ವಿ: ಮೂಕಪ್ರಾಣಿಗಳ ಆರೈಕೆ ಮತ್ತು ರಕ್ಷಣೆಯ ಇತಿಹಾಸ

ಎಡೆದೊರೆ ನಾಡಿನಲ್ಲಿ ಪ್ರಾಣಿಗಳ ಆರೈಕೆ ಬೇರೆಯೇ ಒಂದು ಸೇವೆಯಾಗಿ ಹುಟ್ಟಲಿಲ್ಲ. ಒಕ್ಕಲುತನದ ಜೊತೆಗೇ ಬೆಳೆಯಿತು. ದೇವದುರ್ಗದ್ದು ಕೃಷ್ಣೆಯ ದಡ, ಮಾನ್ವಿಯದು ತುಂಗಭದ್ರೆಯ ದಡ. ಎರಡು ಹೊಳೆಗಳ ನಡುವೆ ಇದ್ದರೂ ಬರ ತಪ್ಪದ ಸೀಮೆ ಇದು. ಹಾಗಾಗಿ ದನಕರುಗಳನ್ನು ಉಳಿಸುವುದೆಂದರೆ ಬಹುಕಾಲ ನೀರು, ಮೇವು ಹೊಂದಿಸುವುದೇ ಆಗಿತ್ತು.

ಈ ಭಾಗದ ಅತಿ ಹಳೆಯ ಲಿಖಿತ ಸಾಕ್ಷ್ಯ ಅಶೋಕನ ಕಾಲದ್ದು. 1915ರಲ್ಲಿ ಪತ್ತೆಯಾದ ಮಸ್ಕಿ ಶಾಸನ ಅವನ ಹೆಸರು ಅದರಲ್ಲಿರುವುದರಿಂದ ಪ್ರಸಿದ್ಧ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ ಏರ್ಪಡಿಸಿದ, ದಾರಿಯುದ್ದಕ್ಕೂ ಬಾವಿ ತೋಡಿಸಿದ ಮಾತು ಅಲ್ಲಿನ ಶಾಸನದಲ್ಲಿದೆ.

ಊರಿನ ಬಹುಪಾಲು ವ್ಯವಸ್ಥೆಗಳಿಗೆ ಶಾಸನದ ಅಗತ್ಯವಿರಲಿಲ್ಲ. ಬಾವಿಯ ಪಕ್ಕದಲ್ಲಿ ದನಗಳಿಗೆಂದೇ ನೀರಿನ ತೊಟ್ಟಿ ಇರುತ್ತಿತ್ತು. ದೇವರಿಗೆ ಬಿಟ್ಟ ಗೂಳಿಯನ್ನು ಯಾರೂ ಹೊಡೆಯುತ್ತಿರಲಿಲ್ಲ. ಕುರಿಗಾಹಿಗಳ ಹಿಂಡನ್ನು ರಾತ್ರಿ ಹೊಲದಲ್ಲಿ ತರುಬಿಸಿಕೊಂಡವರು ಗೊಬ್ಬರಕ್ಕೆ ಬದಲಾಗಿ ಕಾಳು ಕೊಡುತ್ತಿದ್ದರು. ಬೆಳೆ ಮೇಯ್ದ ದನಕ್ಕೆ ಕೊಂಡವಾಡವಿತ್ತು. ದಂಡ ಕಟ್ಟುವವರೆಗೆ ಅಲ್ಲಿ ಮೇವು, ನೀರು ಸಿಗಬೇಕಿತ್ತು. ಇದನ್ನೆಲ್ಲ ಬರಿಯ ದಯೆ ಎಂದು ಕರೆದರೆ ಅರ್ಧ ಸತ್ಯವಾದೀತು, ಏಕೆಂದರೆ ಎತ್ತು ಸತ್ತರೆ ಬಿತ್ತನೆಯೇ ನಿಲ್ಲುತ್ತಿತ್ತು.

ನೀರಾವರಿ ಈ ಲೆಕ್ಕವನ್ನು ಬದಲಿಸಿತು. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದವು. ಜೋಳದ ಜಾಗದಲ್ಲಿ ಭತ್ತ, ಹತ್ತಿ ನಿಂತವು; ದನಕ್ಕೆ ಪುಷ್ಟಿ ಕೊಡುತ್ತಿದ್ದ ಕಣಿಕೆ (ಜೋಳದ ದಂಟು) ಅಪರೂಪವಾಯಿತು. ಗಚ್ಚು ಬಳಿದ ಕಾಲುವೆಗೆ ನೀರು ಕುಡಿಯಲು ಇಳಿದ ದನ ಜಾರಿದರೆ ತಾನಾಗಿ ಮೇಲೆ ಹತ್ತಲಾರದು. ಹಗ್ಗ ಹಾಕಿ ಎಳೆಯಲು ಊರಿನ ಹುಡುಗರೇ ಬೇಕು. ಬರ ಬಂದ ವರ್ಷ ಸರ್ಕಾರ ಗೋಶಾಲೆ, ಮೇವು ಬ್ಯಾಂಕುಗಳನ್ನು ತೆರೆಯುತ್ತದೆ. ಗೋಶಾಲೆಗೆ ದನ ಹೊಡೆದುಕೊಂಡು ಮೈಲಿಗಟ್ಟಲೆ ನಡೆಯಬೇಕಾದ ರೈತನಿಗೆ ಹತ್ತಿರದ ಮೇವು ಬ್ಯಾಂಕೇ ವಾಸಿ.

ಪ್ರವಾಹದ ಕಥೆ ಬೇರೆ. 2009ರ ಸೆಪ್ಟೆಂಬರ್ ಕೊನೆಯ ಮಳೆಗೆ ತುಂಗಭದ್ರಾ ದಡದ ಹಳ್ಳಿಗಳು ಮುಳುಗಿದವು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ದೇವದುರ್ಗದ ಹೂವಿನಹೆಡಗಿ ಸೇತುವೆ ನೀರಿನಡಿ ಹೋಯಿತು. ಹೊಳೆದಂಡೆಯವರಿಗೆ ಗೊತ್ತಿರುವ ಮೊದಲ ಕೆಲಸ ಕೊಟ್ಟಿಗೆಯ ದಾವಣಿ ಬಿಚ್ಚುವುದು. ಬಿಟ್ಟ ದನ ಈಜಿ ದಿಬ್ಬ ಸೇರೀತು, ಕಟ್ಟಿದ್ದು ನಿಂತಲ್ಲೇ ಮುಳುಗುತ್ತದೆ. ದನ ಬಿಟ್ಟು ಬರಲೊಲ್ಲದವರನ್ನು ಪರಿಹಾರ ಕೇಂದ್ರಕ್ಕೆ ಒಯ್ಯುವುದು ಅಧಿಕಾರಿಗಳಿಗೆ ಪ್ರತಿ ಸಲದ ಕಷ್ಟ. 2020ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದ ಕೆಳಗೆ, ಛಾಯಾ ಭಗವತಿ ಬಳಿಯ ನಡುಗಡ್ಡೆಯಲ್ಲಿ ಹಿಂಡಿನೊಂದಿಗೆ ಸಿಲುಕಿದ ಕುರಿಗಾಹಿಯನ್ನು ಎನ್‌ಡಿಆರ್‌ಎಫ್ ದೋಣಿ ಕರೆತಂದಿತು. ನೆರೆಯ ಜೊತೆ ಮೊಸಳೆಗಳೂ ಹೊಲ, ಹಳ್ಳ ಸೇರುತ್ತವೆ. ಅವನ್ನು ಹಿಡಿದು ಮತ್ತೆ ಕೃಷ್ಣೆಗೆ ಬಿಡುವುದು ಅರಣ್ಯ ಇಲಾಖೆಯ ಕೆಲಸ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕೊಲ್ಲುವಂತಿಲ್ಲ.

ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಮಿತಿಮೀರಿದ ಹೊರೆ ಹೇರುವುದು ಅದರಡಿ ಅಪರಾಧ. ಮೊದಲ ತಪ್ಪಿಗೆ ಅದರಲ್ಲಿ ಬರೆದ ದಂಡ 10ರಿಂದ 50 ರೂಪಾಯಿ. ಈ ಕಾಯ್ದೆಯ ಇಕ್ಕಟ್ಟು ರಾಯಚೂರಿನಲ್ಲೇ ಕಾಣುತ್ತದೆ. ಕಾರಹುಣ್ಣಿಮೆಗೆ ಮುನ್ನೂರುಕಾಪು ಸಮಾಜ ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್‌ಗಟ್ಟಲೆ ಭಾರದ ಕಲ್ಲು ಎಳೆಯುತ್ತವೆ. ಅದೇ ಹುಣ್ಣಿಮೆಗೆ ಅವುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜಿಸುತ್ತಾರೆ. ಸುಪ್ರೀಂ ಕೋರ್ಟ್ 2014ರಲ್ಲಿ ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. ಕಂಬಳ ಮತ್ತು ಎತ್ತಿನ ಓಟಕ್ಕಾಗಿ ಕರ್ನಾಟಕ ತಂದ ತಿದ್ದುಪಡಿಯನ್ನು ಅದೇ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ವರ್ಷವಿಡೀ ಹಿಂಡಿ ತಿನ್ನಿಸಿ ಸಾಕುವವನಿಗೆ ಸ್ಪರ್ಧೆಯಲ್ಲಿ ಹಿಂಸೆ ಕಾಣುವುದಿಲ್ಲ, ಚಾವಟಿ ನೋಡಿದವನಿಗೆ ಆರೈಕೆ ಕಾಣುವುದಿಲ್ಲ.

ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳಿಗೆ ಕೆಲಸ ಕಡಿಮೆಯಾಯಿತು. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆಯ ನಂತರ ಮುದಿ ಎತ್ತು ಮಾರುವುದೂ ಕಷ್ಟವಾಯಿತು. 2022ರಲ್ಲಿ ಚರ್ಮಗಂಟು ರೋಗ ಹರಡಿ ಜಾನುವಾರು ಸಂತೆಗಳಿಗೆ ತಡೆ ಬಿತ್ತು. ಅದೇ ವರ್ಷ ಬಂದ ಪಶು ಸಂಜೀವಿನಿ ಎಂಬ ಸಂಚಾರಿ ಪಶುಚಿಕಿತ್ಸಾ ವಾಹನಗಳು 1962 ಸಂಖ್ಯೆಗೆ ಕರೆ ಮಾಡಿದರೆ ಮನೆ ಬಾಗಿಲಿಗೆ ಬರುವ ಏರ್ಪಾಡು.

ನಗರದ ಈಗಿನ ಪ್ರಶ್ನೆ ಬೀದಿನಾಯಿಗಳದ್ದು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ ಹಿಡಿದಲ್ಲೇ ಬಿಡಬೇಕೆಂಬುದು 2023ರ ನಿಯಮ. ಆದರೆ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆರವು ಮಾಡಿ, ಮತ್ತೆ ಅಲ್ಲಿಗೆ ಬಿಡಬಾರದೆಂದು ಆದೇಶಿಸಿತು. ಚಹಾದಂಗಡಿಯವರೂ ಪ್ರಯಾಣಿಕರೂ ಅವಕ್ಕೆ ಬಿಸ್ಕೀಟು, ರೊಟ್ಟಿ ಹಾಕುವುದು ಹೆಚ್ಚಾಗಿ ಇಂಥ ಜಾಗಗಳಲ್ಲೇ.