ಮಂಡಿ ಆಪರೇಷನ್ ಆಯ್ತು, ಅಂಗಡಿಗೆ ವಾಪಸ್ ಯಾವಾಗ? ಮೊದಲ ಆರು ವಾರವೇ ಮುಖ್ಯ

ಜನ ಇದನ್ನು ಮಂಡಿ ಚಿಪ್ಪು ಆಪರೇಷನ್ ಅಂತಾರೆ. ಆದರೆ ಮುಖ್ಯವಾಗಿ ಬದಲಾಗೋದು ಚಿಪ್ಪಲ್ಲ. ತೊಡೆ ಮೂಳೆ ಮತ್ತು ಅದರ ಕೆಳಗಿನ ಕಾಲಿನ ಮೂಳೆಯ ಸವೆದ ತುದಿಗಳನ್ನು ತೆಗೆದು ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಆಪರೇಷನ್ ಒಂದೆರಡು ಗಂಟೆಯಲ್ಲಿ ಮುಗಿಯುತ್ತೆ. ಆದರೆ ಮತ್ತೆ ಗಲ್ಲಾ ಮುಂದೆ ಕೂರೋದು ಯಾವಾಗ ಅನ್ನೋದು ಆಮೇಲಿನ ಆರು ವಾರ ಮನೆಯಲ್ಲಿ ಏನು ಮಾಡ್ತಾರೆ ಅನ್ನೋದರ ಮೇಲೆ ನಿಂತಿದೆ.

ಸಾಮಾನ್ಯವಾಗಿ ಆಪರೇಷನ್ ಆದ ದಿನವೇ ಅಥವಾ ಮರುದಿನ ವಾಕರ್ ಕೊಟ್ಟು ನಡೆಸುತ್ತಾರೆ. ಹೊಲಿಗೆ ಬಿಚ್ಚೋದು ಸುಮಾರು ಎರಡು ವಾರಕ್ಕೆ. ತೊಂದರೆ ಶುರುವಾಗೋದು ಮನೆಗೆ ಬಂದ ಮೇಲೆ. "ಪಾಪ, ನೋವು, ಮಲಗಿರಲಿ" ಅಂತ ಮನೆಯವರು ಎಲ್ಲವನ್ನೂ ಹಾಸಿಗೆಗೇ ತಂದುಕೊಡ್ತಾರೆ. ಹಿತವಾಗಿರಲಿ ಅಂತ ಮಂಡಿ ಕೆಳಗೆ ದಿಂಬು ಇಡ್ತಾರೆ. ಮಂಡಿ ಹಾಗೇ ಅರ್ಧ ಮಡಚಿದ ಸ್ಥಿತಿಗೆ ಒಗ್ಗಿಕೊಂಡರೆ ಕಾಲು ಪೂರ್ತಿ ನೆಟ್ಟಗಾಗೋದು ಕಷ್ಟ. ದಿಂಬು ಇಡಲೇಬೇಕು ಅಂದ್ರೆ ಹಿಮ್ಮಡಿ ಕೆಳಗೆ ಇಡಬೇಕು.

ವ್ಯಾಯಾಮ ಬಿಟ್ಟರೆ ಒಳಗೆ ಗಾಯದ ಅಂಗಾಂಶ ಗಟ್ಟಿಯಾಗಿ ಮಂಡಿ ಬಿಗಿದುಕೊಳ್ಳುತ್ತೆ. ಹಾಗಾದವರಿಗೆ ಮತ್ತೆ ಅರಿವಳಿಕೆ ಕೊಟ್ಟು ವೈದ್ಯರೇ ಬಲವಾಗಿ ಮಡಚಬೇಕಾಗಬಹುದು. ಅದನ್ನೂ ಮೊದಲ ಮೂರು ತಿಂಗಳೊಳಗೆ ಮಾಡಿದರೇ ಹೆಚ್ಚು ಫಲ. ಹಾಗಾಗಿ ನೋವಿನ ಮಾತ್ರೆಯನ್ನು ವೈದ್ಯರು ಹೇಳಿದ ಹೊತ್ತಿಗೆ ತಗೊಂಡು, ಆಮೇಲೆ ಮಂಡಿ ಮಡಚೋ ವ್ಯಾಯಾಮ ಮಾಡೋದು ಒಳ್ಳೇದು. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15-20 ನಿಮಿಷ ಇಟ್ಟರೆ ಊತಕ್ಕೆ ಆರಾಮ.

ಇಲ್ಲಿ ದುಡ್ಡಿನ ಮಾತೂ ಬರುತ್ತೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಗೆ ಬೆಲೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರೋ ಕೋಬಾಲ್ಟ್-ಕ್ರೋಮಿಯಂ ಮಾದರಿಗೆ ಆಗ ನಿಗದಿಯಾಗಿದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಇದು ಕೀಲಿನ ಬೆಲೆ ಮಾತ್ರ. ಫಿಸಿಯೋಥೆರಪಿಸ್ಟ್ ಖರ್ಚು ಬೇರೆ. ಆಪರೇಷನ್‌ಗೆ ಸಾಲ ಮಾಡೋ ಮನೆಯವರು ಇದನ್ನು ಲೆಕ್ಕಕ್ಕೇ ಹಿಡಿದಿರಲ್ಲ, ನಾಲ್ಕು ದಿನ ಕರೆಸಿ ನಿಲ್ಲಿಸಿಬಿಡ್ತಾರೆ. ಉಳಿಸೋ ಜಾಗ ಇದಲ್ಲ.

ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಕೂತು ಮಾಡೋ ವ್ಯಾಪಾರಕ್ಕೆ ಹಲವರು ನಾಲ್ಕರಿಂದ ಆರು ವಾರದಲ್ಲಿ ಮರಳುತ್ತಾರೆ. ಆದರೆ ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಸಂಜೆಗೆ ಊತ ಗ್ಯಾರಂಟಿ. ನಡುನಡುವೆ ಎದ್ದು ಓಡಾಡಬೇಕು. ದಿನವಿಡೀ ನಿಲ್ಲೋರಿಗೆ, ಅಕ್ಕಿ ಮೂಟೆ ಎತ್ತೋರಿಗೆ ಮೂರು ತಿಂಗಳೇ ಬೇಕಾಗಬಹುದು. ಬೈಕು, ಸ್ಕೂಟರ್ ಆರು ವಾರಕ್ಕೆ ಮುಂಚೆ ಬೇಡವೇ ಬೇಡ. ಸಿಗ್ನಲ್‌ನಲ್ಲಿ ಗಾಡಿಯ ಭಾರ ಬೀಳೋದು ನೆಲಕ್ಕೂರಿದ ಕಾಲಿನ ಮೇಲೆಯೇ.

ಇನ್ನು ನೆಲದ ವಿಷಯ. ಕುರ್ಚಿಯಿಂದ ಏಳೋಕೆ ಮಂಡಿ 90 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮಡಚಿದರೆ ಸಾಕು. ಹೊಸ ಮಂಡಿ ಸಾಮಾನ್ಯವಾಗಿ 110-120 ಡಿಗ್ರಿವರೆಗೆ ಬರುತ್ತೆ. ಕುಕ್ಕರುಗಾಲಲ್ಲಿ ಕೂರೋಕೆ ಅದಕ್ಕಿಂತ ಹೆಚ್ಚು ಬೇಕು. ಸಂತೆಯಲ್ಲಿ ನೆಲದ ಮೇಲೆ ತರಕಾರಿ ಹರಡಿಕೊಂಡು ಕೂರೋ ಅಮ್ಮಂದಿರಿಗೆ, ಕಳೆ ಕೀಳೋರಿಗೆ ಈ ಮಾತನ್ನು ಆಪರೇಷನ್‌ಗೆ ಮೊದಲೇ ಹೇಳಬೇಕು. ಕಮೋಡ್ ಇಲ್ಲದ ಮನೆಯವರು ಕಮೋಡ್ ಕುರ್ಚಿಯನ್ನು ಮೊದಲೇ ತಂದಿಟ್ಟುಕೊಂಡಿರಬೇಕು, ಡಿಸ್ಚಾರ್ಜ್ ದಿನ ಹುಡುಕೋದಲ್ಲ.

ಬೆಳಗಿನ ವಾಕಿಂಗ್, ಸೈಕಲ್, ದೇವಸ್ಥಾನದ ಪ್ರದಕ್ಷಿಣೆ ಇವೆಲ್ಲ ನಿಧಾನಕ್ಕೆ ವಾಪಸ್ ಬರುತ್ತವೆ. ಓಡೋದು, ವಾಲಿಬಾಲ್‌ನಂಥ ಜಿಗಿಯೋ ಆಟ ಬೇಡ ಅಂತಲೇ ವೈದ್ಯರು ಹೇಳೋದು ಹೆಚ್ಚು. ಮಂಡಿ ಬೆಚ್ಚಗಿರೋದು, ಟಕ್ ಅನ್ನೋದು, ಗಾಯದ ಪಕ್ಕ ಜೋಮು ಇವು ತಿಂಗಳುಗಟ್ಟಲೆ ಇದ್ದರೂ ಸಾಮಾನ್ಯವಾಗಿ ಹೆದರಬೇಕಿಲ್ಲ. ಆದರೆ ಜ್ವರ, ಗಾಯದಿಂದ ಕೀವು ಅಥವಾ ನೀರು ಸೋರೋದು, ಮೀನಖಂಡದಲ್ಲಿ ಹೊಸದಾಗಿ ನೋವು-ಊತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬಹುದು. ತಕ್ಷಣ 108ಕ್ಕೆ ಫೋನ್ ಮಾಡಬೇಕು.